ತಾನಾಗಿ ನಿಲ್ಲದ ಎಂಜಿನ್

ಆ ಬಂದರಿನಲ್ಲಿ ಪೆಟ್ಟಿಗೆ ಕಟ್ಟುವ ಶೆಡ್ಡುಗಳು ಹದಿನಾಲ್ಕಿದ್ದವು. ಆದರೆ ಮೋಟರ್‌ಸೈಕಲ್ಲನ್ನು ಕಡಲು ದಾಟಿಸಬೇಕು ಅಂದರೆ ಯಾರನ್ನು ಕೇಳಿದರೂ ಕೈ ತೋರಿಸುತ್ತಿದ್ದುದು ಒಂದೇ ಶೆಡ್ಡಿನ ಕಡೆಗೆ. ಅದರ ಒಡೆಯರನ್ನು ಹಮಾಲರಿಂದ ಹಿಡಿದು ತಪಾಸಣೆಯ ಸಾಹೇಬರವರೆಗೆ ಎಲ್ಲರೂ ಪೆಟ್ಟಿಗೆ ಯಜಮಾನರು ಅನ್ನುತ್ತಿದ್ದರು. ಅವರ ಸ್ವಂತ ಹೆಸರು ಅವರ ಮಗಳಿಗಾದರೂ ಸಟ್ಟನೆ ನೆನಪಾಗುತ್ತಿತ್ತೋ ಇಲ್ಲವೋ.

ಆ ಶೆಡ್ಡಿನ ಮುಂದೆ ಒಂದು ಮಧ್ಯಾಹ್ನ ಮೆಕ್ಯಾನಿಕ್ ತನ್ನ ಗಾಡಿ ತಂದು ನಿಲ್ಲಿಸಿದ. ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಗ್ರೀಸು ಮೆತ್ತಿಕೊಂಡವನು. ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು, ಆರು ದೇಶ ದಾಟಿದ್ದ. ಇದೆಲ್ಲ ಅವನ ಖಯಾಲಿ ಅಂದುಕೊಂಡರೆ ತಪ್ಪು. ಖಯಾಲಿ ಅವನ ತಮ್ಮನದು. ಗುಜರಿಯಿಂದ ಆ ಗಾಡಿಯನ್ನು ಎತ್ತಿ ತಂದು, ಒಂದೊಂದು ನಟ್ಟನ್ನೂ ತಾನೇ ಕೂಡಿಸಿ ನಿಲ್ಲಿಸಿದವನು ತಮ್ಮ. ಇನ್ನೇನು ಹೊರಡಬೇಕು ಅನ್ನುವಾಗ ಅವನ ಕಾಲು ಸೋತವು. ಆಮೇಲೆ ಸೊಂಟ. ಈಗ ಕತ್ತು ಹೊರಳಿಸುವುದಕ್ಕೂ ಇನ್ನೊಬ್ಬರು ಬೇಕು. ಇನ್ನು ಹೆಚ್ಚೆಂದರೆ ಮೂರು ತಿಂಗಳು ಎಂದು ಡಾಕ್ಟರು ಹೋದ ವಾರ ಫೋನಿನಲ್ಲಿ ಹೇಳಿದ್ದು ಅಣ್ಣನಿಗೆ ಮಾತ್ರ ಗೊತ್ತಿತ್ತು.

ತಮ್ಮನ ಮಂಚದ ಎದುರಿನ ಗೋಡೆಗೆ ದೊಡ್ಡ ನಕಾಶೆ ಅಂಟಿಸಿದ್ದರು. ದಿನಾ ಸಂಜೆ ಮೆಕ್ಯಾನಿಕ್ ಫೋನು ಮಾಡಿ ಊರು ಹೇಳಿದ ಕೂಡಲೆ ಅವನ ಹೆಂಡತಿ ಅಲ್ಲೊಂದು ಗುಂಡುಸೂಜಿ ಚುಚ್ಚಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಮೈದುನ ಮಲಗಿದಲ್ಲಿಂದಲೇ ಅತ್ತಿಗೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಕಡಲಾಚೆ ಇನ್ನೆರಡು ದೇಶ ದಾಟಿದರೆ ನಕಾಶೆ ಮುಗಿಯುತ್ತಿತ್ತು. ತಮ್ಮ ಕಣ್ಣು ಬಿಟ್ಟಿರುವಾಗಲೇ ಆ ಗಾಡಿ ಅಲ್ಲಿಗೆ ಮುಟ್ಟಬೇಕು. ಲೋಕದಲ್ಲಿ ಮೆಕ್ಯಾನಿಕ್‌ಗೆ ಬೇರೇನೂ ಬೇಕಿರಲಿಲ್ಲ.

"ಏನಪ್ಪಾ, ಇದಕ್ಕೆ ಸ್ನಾನ ಮಾಡ್ಸಿ ಎಷ್ಟು ವರ್ಷ ಆಯ್ತು?" ಎಂದರು ಯಜಮಾನರು, ಗಾಡಿಯ ಸುತ್ತ ಒಂದು ಸುತ್ತು ಬಂದು. "ಈ ಮಣ್ಣಿಗೆ ಬೇರೆ ಪೆಟ್ಟಿಗೆ ಕಟ್ಬೇಕಾಗುತ್ತೆ."

ಅವರ ಮಗಳು ಅಳತೆಪಟ್ಟಿ ಹಿಡಿದು ಉದ್ದಗಲ ಬರೆದುಕೊಳ್ಳುತ್ತಿದ್ದಳು. ಮದುವೆಯಾಗಿ ಎರಡು ಮಕ್ಕಳಿದ್ದವಳು. ಗಂಡ ಹಡಗಿನಲ್ಲಿ ಕೆಲಸಕ್ಕೆ ಹೋದವನು ತಿರುಗಿ ನೋಡದ ಮೇಲೆ ಅಪ್ಪನ ಜೊತೆ ಸುತ್ತಿಗೆ ಹಿಡಿದಿದ್ದಳು. "ಅಪ್ಪಂಗೆ ಮಾತು ಜಾಸ್ತಿ, ಬೇಜಾರು ಮಾಡ್ಕೋಬೇಡಿ," ಎಂದಳು. "ಕೈ ಮಾತ್ರ ಸುಮ್ನೆ ಇರಲ್ಲ."

ತಪಾಸಣೆಯ ಅಧಿಕಾರಿ ಕಾಗದದ ಕಟ್ಟು ಹಿಡಿದು ಅಲ್ಲಿಗೇ ಬಂದ. ಎಂಜಿನ್ ನಂಬರು, ಚಾಸಿ ನಂಬರು ತಾಳೆ ನೋಡಿದ. "ಕಾಗದದಲ್ಲಿ ಇಲ್ಲದ್ದು ಏನಾದ್ರೂ ಗಾಡಿಗೆ ಸೇರಿಸಿದೀರಾ? ಇದ್ರೆ ಈಗ್ಲೇ ಹೇಳಿ. ಆಮೇಲೆ ಸಿಕ್ಕಿದ್ರೆ ಗಾಡಿ ನಮ್ಮ ಗೋದಾಮಿಗೆ, ಕೇಸು ಮುಗಿಯೋತನಕ."

"ಕೇಸು ಮುಗಿಯೋಕೆ ಎಷ್ಟು ದಿನ?"

"ದಿನದ ಮಾತೆಲ್ಲಿ? ಕಳೆದ ವರ್ಷದ್ದೇ ಇನ್ನೂ ಹನ್ನೊಂದು ಬಿದ್ದಿವೆ."

"ಏನೂ ಸೇರಿಸಿಲ್ಲ," ಎಂದ ಮೆಕ್ಯಾನಿಕ್.

ಸೇರಿಸಿದ್ದು ಇತ್ತು. ಪೆಟ್ರೋಲ್ ಸಿಗದ ಬಯಲುಗಳಿಗೆಂದು ತಮ್ಮ ಸೀಟಿನ ಕೆಳಗೆ ಎರಡು ಲೀಟರಿನ ಇನ್ನೊಂದು ಟ್ಯಾಂಕು ಕೂರಿಸಿದ್ದ. ಸಲಕರಣೆ ಡಬ್ಬಿಯ ಹಿಂದೆ ಅದನ್ನು ಎಷ್ಟು ನಾಜೂಕಾಗಿ ಬೆಸೆದಿದ್ದನೆಂದರೆ ಡಿಪೋದ ಹಳೇ ಹುಲಿಗಳೇ ಹುಡುಕಿ ಸೋತಿದ್ದರು. ತಿರುಗಿಸಲು ನಲ್ಲಿಯಿಲ್ಲ, ದೊಡ್ಡ ಟ್ಯಾಂಕು ಬರಿದಾದ ಕೂಡಲೆ ಇದರ ಪೆಟ್ರೋಲ್ ತಾನೇ ಹರಿದು ಎಂಜಿನ್ನಿಗೆ ಬರುತ್ತಿತ್ತು. ಆಚೆ ದಡದಲ್ಲಿ ಇಳಿದವನೇ ಕಿಕ್ ಒದ್ದು ಹೊರಡಬಹುದೆಂದು ಹಿಂದಿನ ದಿನವಷ್ಟೆ ಮೆಕ್ಯಾನಿಕ್ ಅದನ್ನು ತುಂಬಿಸಿದ್ದ.

ಅಧಿಕಾರಿ ಬೆನ್ನು ತಿರುಗಿಸಿ ಕಾಗದ ತುಂಬುತ್ತಿದ್ದಾಗ ಯಜಮಾನರು ದೊಡ್ಡ ಟ್ಯಾಂಕಿನ ಕೊಳವೆ ಬಿಚ್ಚಿ ಕೊನೆಯ ಹನಿಯವರೆಗೂ ಕ್ಯಾನಿಗೆ ಇಳಿಸಿದರು. ಬಟ್ಟೆ ತೂರಿಸಿ ಒಳಗೆ ಒರೆಸಿದರು. ಆಮೇಲೆ ಕೊಳವೆಯನ್ನು ಮೊದಲಿನಂತೆ ಜೋಡಿಸಿ, "ಇನ್ನು ಸ್ಟಾರ್ಟ್ ಮಾಡ್ತೀನಿ," ಎಂದರು.

"ಈಗ ಯಾಕೆ?" ಮೆಕ್ಯಾನಿಕ್ ಕೇಳಿದ.

"ಕಾರ್ಬುರೇಟರಿನಲ್ಲಿ, ಪೈಪಿನಲ್ಲಿ ಒಂದಿಷ್ಟು ಉಳಿದಿರುತ್ತಲ್ಲ, ಅದನ್ನ ಕುಡಿದು ತಾನಾಗಿ ನಿಲ್ಲಬೇಕು. ನಾನು ಕೀಲಿ ತಿರುಗ್ಸಿ ನಿಲ್ಲಿಸಲ್ಲ. ನಿಲ್ಲಿಸಿದ್ರೆ ಒಳಗೆ ಏನು ಉಳೀತು ಅಂತ ನಂಗೇನು ಗೊತ್ತು? ಬೇರೆ ಶೆಡ್ಡಿನವರು ಹಾಗೆ ಮಾಡೇ ಒಂದು ಹಡಗು ಸುಟ್ಟುಹೋಯ್ತು, ಮೂರು ಜನ ಹೋದ್ರು. ಪಕ್ಕದಲ್ಲೇ ಕೂತಿರ್ತೀನಿ. ಅದು ನಿಂತ ಮೇಲೇನೇ ನನ್ನ ಸಹಿ."

"ಎಷ್ಟು ಹೊತ್ತಾಗುತ್ತೆ?"

"ಐದು ನಿಮಿಷ."

"ಒಂದ್ಸಲ ಹನ್ನೊಂದು ನಿಮಿಷ ಕೂತಿದ್ರು," ಎಂದಳು ಮಗಳು. "ಊಟ ತಣ್ಣಗಾಯ್ತು ಅಂತ ನಾನು ಬೈತಾ ಇದ್ರೂ ಎದ್ದು ಬರಲಿಲ್ಲ."

ಕಲ್ಲಿದ್ದಲ ರಾಶಿಯ ಕಡೆಯಿಂದ ಗಾಳಿ ಎದ್ದು ಕಪ್ಪು ಪುಡಿ ಶೆಡ್ಡಿನೊಳಗೆ ನುಗ್ಗತೊಡಗಿತು. ಹೊಸ ಹಲಗೆಗಳು ಹಾಳಾಗುತ್ತವೆಂದು ಯಜಮಾನರು ಅರ್ಧ ಷಟರ್ ಎಳೆದರು. ಮಗಳು ಪೆಟ್ಟಿಗೆಗೆ ಬಿಗಿಯುವ ಕಬ್ಬಿಣದ ಪಟ್ಟಿ ತರಲು ಬಂದರಿನ ಇನ್ನೊಂದು ತುದಿಯ ಉಗ್ರಾಣಕ್ಕೆ ಹೊರಟಳು. ಅಧಿಕಾರಿ ಗಡಿಯಾರ ನೋಡಿ, "ಬನ್ನಿ, ಆಫೀಸಿನಲ್ಲಿ ಮೊಹರು ಹಾಕಿಸ್ಕೊಳ್ಳಿ. ನಾಲ್ಕಕ್ಕೆ ಗೇಟು ಮುಚ್ಚುತ್ತೆ. ನಿಮ್ಮ ಗಾಡಿಯ ಪರವಾನಗಿ ಇವತ್ತಿಗೆ ಕೊನೆ," ಎಂದ.

ಮೆಕ್ಯಾನಿಕ್ ನಿಂತೇ ಇದ್ದ. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಅಧಿಕಾರಿ ಮಗ್ಗುಲಲ್ಲೇ ಇದ್ದ. ಅಷ್ಟರಲ್ಲಿ ಎಂಜಿನ್ ಶುರುವಾಯಿತು, ಐದೇ ನಿಮಿಷದ ಮಾತೆಂದು ಯಜಮಾನರು ಪುಡಿ ಬರದಂತೆ ಷಟರನ್ನು ಪೂರ್ತಿ ಕೆಳಗಿಳಿಸಿದರು.

ಆಫೀಸಿನಲ್ಲಿ ಮೊಹರಿನ ಕಿಟಕಿಯ ಮುಂದೆ ಜನ ಬಾಗಿಲವರೆಗೂ ನಿಂತಿದ್ದರು. ಇವನ ಚೀಟಿ ನಂಬರು ನಲವತ್ತೊಂದು, ಕಿಟಕಿಯಲ್ಲಿ ಕರೆಯುತ್ತಿದ್ದುದು ಹತ್ತೊಂಬತ್ತು. ಹದಿನೈದು ನಿಮಿಷ ಆದಾಗ, ಇಷ್ಟು ಹೊತ್ತಿಗೆ ಮುದುಕರಿಗೆ ಸಾಕಾಗಿ ನಿಲ್ಲಿಸಿರುತ್ತಾರೆ ಅಂದುಕೊಂಡ. ಅರ್ಧ ಗಂಟೆ ಆದಾಗ, ಮಗಳು ಬಂದು ಷಟರ್ ಎತ್ತಿರುತ್ತಾಳೆ ಅಂದುಕೊಂಡ. ಡಿಪೋದಲ್ಲಿ ಮುಚ್ಚಿದ ಕೊಠಡಿಯೊಳಗೆ ಎಂಜಿನ್ ಓಡಿಸಿ, ಅದರ ಹೊಗೆ ಕುಡಿದು ಹೆಣವಾದ ಕ್ಲೀನರನ್ನು ಎತ್ತಿ ಹೊರಗೆ ತಂದವರಲ್ಲಿ ಇವನೂ ಒಬ್ಬ. ಅದೂ ನೆನಪಾಯಿತು. ಎರಡು ಸಲ ಬಾಗಿಲವರೆಗೆ ಹೋದ. ಸಾಲು ಬಿಟ್ಟರೆ ಹೊಸ ಚೀಟಿ ತೆಗೆದುಕೊಳ್ಳಬೇಕು, ಗಡಿಯಾರ ಎರಡೂವರೆ ತೋರಿಸುತ್ತಿತ್ತು. ತಮ್ಮನ ಮುಖ ಕಣ್ಣ ಮುಂದೆ ಬಂದು ನಿಂತಿತು. ವಾಪಸು ಬಂದು ತನ್ನ ಜಾಗದಲ್ಲೇ ನಿಂತ. ಇದನ್ನು ಹೇಡಿತನ ಅನ್ನದೆ ಬೇರೇನೆನ್ನಬೇಕೋ ನನಗಂತೂ ತಿಳಿಯದು. ಪ್ರೀತಿಯೂ ಇತ್ತು ನಿಜ, ಆದರೆ ಶೆಡ್ಡಿನೊಳಗೆ ಕೂತಿದ್ದವರಿಗೆ ಅದರಿಂದ ಏನು ಬಂತು?

ಮೊಹರು ಬಿದ್ದಾಗ ಮೂರು ಗಂಟೆ ಹತ್ತು ನಿಮಿಷ. ಮೆಕ್ಯಾನಿಕ್ ಓಡಿದ. ಶೆಡ್ಡು ಇನ್ನೂ ನೂರು ಹೆಜ್ಜೆ ಇರುವಾಗಲೇ ಎಂಜಿನ್ನಿನ ಸದ್ದು ಕೇಳಿಸಿತು. ಅದೇ ಹದ, ಒಂದು ಏಟೂ ತಪ್ಪಿರಲಿಲ್ಲ. ತಮ್ಮ ಅಷ್ಟು ಚೆನ್ನಾಗಿ ಕೂಡಿಸಿದ್ದ. ಎದುರುಗಡೆಯಿಂದ ಮಗಳು, ಉಗ್ರಾಣದವನ ಊಟ ಮುಗಿಯುವವರೆಗೆ ಕಾದು, ಆಗಷ್ಟೆ ಕಬ್ಬಿಣದ ಪಟ್ಟಿಯ ಸುರುಳಿ ಹೊತ್ತು ಬರುತ್ತಿದ್ದವಳು ಅದನ್ನು ಅಲ್ಲೇ ಎಸೆದು ಓಡಿಬಂದಳು. ಇಬ್ಬರೂ ಸೇರಿ ಷಟರ್ ಎತ್ತಿದರು.

ಯಜಮಾನರು ಸ್ಟೂಲಿನ ಮೇಲೆ ಕೂತು, ಹಲಗೆಗಳ ರಾಶಿಗೆ ಒರಗಿದ್ದರು. ತೊಡೆಯ ಮೇಲೆ ಸಹಿ ಹಾಕದ ಕಾಗದ. ಮುಖ ಕೆಂಪಗಿತ್ತು. ಮಗಳು, "ಅಪ್ಪಾ, ಏಳಪ್ಪಾ," ಎಂದು ಭುಜ ಅಲುಗಾಡಿಸಿದಳು. ಮೆಕ್ಯಾನಿಕ್ ಮೊದಲು ಹೋಗಿದ್ದು ಗಾಡಿಯ ಹತ್ತಿರ. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ.

ಡಾಕ್ಟರು ಬಂದು ತಲೆಯಾಡಿಸಿ ಹೋದರು. ಆ ದಿನದ ಹಡಗು ಹೋಯಿತು. ಸಾವಾದ ಕಾರಣಕ್ಕೆ ಗಾಡಿಯ ಪರವಾನಗಿಯನ್ನು ನಾಲ್ಕು ದಿನ ವಿಸ್ತರಿಸಿಕೊಟ್ಟರು.

ಮಾರನೆಯ ದಿನ ಅಧಿಕಾರಿ ವರದಿ ಬರೆದ. ಯಜಮಾನರು ಟ್ಯಾಂಕನ್ನು ಪೂರ್ತಿ ಬರಿದು ಮಾಡಿರಲಿಲ್ಲ, ಷಟರ್ ಮುಚ್ಚಿ ಎಂಜಿನ್ ಓಡಿಸಿದರು, ಸಾವಿಗೆ ಅವರ ಅಜಾಗರೂಕತೆಯೇ ಕಾರಣ ಎಂದು. ಅಂಥ ವರದಿಯಾದರೆ ಶೆಡ್ಡಿನ ಲೈಸೆನ್ಸು ಮಗಳ ಹೆಸರಿಗೆ ಆಗುವಂತಿರಲಿಲ್ಲ, ವಾರದೊಳಗೆ ಖಾಲಿ ಮಾಡಬೇಕು. ಮನೆಯವರ ಮಾತು ನಡೆಯುವುದಿಲ್ಲವೆಂದು ಸಾಕ್ಷಿಯ ಜಾಗದಲ್ಲಿ ಮೆಕ್ಯಾನಿಕ್ ಸಹಿ ಬೇಕಿತ್ತು.

ಮಗಳು ಗೋಡೆಗೆ ಒರಗಿ ನಿಂತಿದ್ದಳು. "ನೀವು ಅಲ್ಲೇ ಇದ್ರಲ್ಲ," ಎಂದು ಕೇಳಿದಳು. "ಅಪ್ಪ ಟ್ಯಾಂಕು ಒರೆಸಿದ್ದನ್ನ ನೀವು ನೋಡಿಲ್ವಾ?"

"ಸರಿಯಾಗಿ ಗಮನಿಸಲಿಲ್ಲಮ್ಮ," ಎಂದು ಅವನು ಸಹಿ ಹಾಕಿದ.

ಅವಳು ಆ ಕಾಗದವನ್ನು ಓದಿ, "ವಯಸ್ಸಾಗಿತ್ತು ಅವ್ರಿಗೆ. ನಂಗೇ ತಿಳೀಲಿಲ್ಲ," ಎಂದಳು. "ನಿಮ್ಮ ಪ್ರಯಾಣ ನಮ್ಮಿಂದ ನಿಂತುಹೋಯ್ತು. ಮುಂದಿನ ಹಡಗಿಗೆ ಪೆಟ್ಟಿಗೆ ನಾನೇ ಕಟ್ಟಿಕೊಡ್ತೀನಿ. ಅಪ್ಪ ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡೋದು ಬೇಡ."

ಆ ಸಂಜೆ ಫೋನಿನಲ್ಲಿ ತಮ್ಮ ಕೇಳಿದ್ದು ಒಂದೇ. "ಟ್ಯಾಂಕು ಸಿಕ್ಕಿಬಿತ್ತಾ ಅಣ್ಣಾ?"

"ಇಲ್ಲ."

ತಮ್ಮ ಉಬ್ಬಸದ ನಡುವೆಯೇ ನಕ್ಕ. ಅವನು ನಕ್ಕು ತಿಂಗಳ ಮೇಲಾಗಿತ್ತು, ಮೆಕ್ಯಾನಿಕ್ ಫೋನನ್ನು ಕಿವಿಗೊತ್ತಿ ಹಿಡಿದು ಅತ್ತ.

ಮೂರನೆಯ ದಿನ ಅವಳು ಒಬ್ಬಳೇ ಕೆಲಸಕ್ಕೆ ಕೂತಳು. ಹ್ಯಾಂಡಲ್ ಬಿಚ್ಚಿ ಮಗ್ಗುಲಿಗೆ ಕಟ್ಟಿದಳು, ಮುಂದಿನ ಚಕ್ರ ಕಳಚಿದಳು. ಮೆಕ್ಯಾನಿಕ್ ಸಹಾಯಕ್ಕೆ ಹೋದರೆ, "ನೀವು ಕೂತ್ಕೊಳ್ಳಿ," ಎಂದು ಯಜಮಾನರ ಸ್ಟೂಲನ್ನೇ ಅವನತ್ತ ಸರಿಸಿದಳು. ಗಾಡಿ ಅಲುಗದ ಹಾಗೆ ಹಿಂಬದಿಯ ಕಂಬಿಗೆ ಪಟ್ಟಿ ಬಿಗಿಯಬೇಕಿತ್ತು. ಪಟ್ಟಿ ಸೀಟಿಗೆ ತಾಗುತ್ತದೆಂದು ಸೀಟು ಬಿಚ್ಚಿದಳು. ಸಲಕರಣೆ ಡಬ್ಬಿಯನ್ನೂ ಕಳಚಿದಳು. ಆಮೇಲೆ ಅವಳ ಕೈ ನಿಂತಿತು.

ಬೆರಳಿನಿಂದ ಸಣ್ಣ ಕೊಳವೆಯನ್ನು ಹಿಡಿದು ಅದು ಹೋದಲ್ಲೆಲ್ಲ ಹೋದಳು. ಕಾರ್ಬುರೇಟರಿನ ಹತ್ತಿರ ಕೊಳವೆ ಕಿತ್ತು ಕೆಳಗೊಂದು ಡಬ್ಬಿ ಹಿಡಿದಳು. ಪೆಟ್ರೋಲ್ ಸಣ್ಣಗೆ ಧಾರೆಯಾಗಿ ಇಳಿಯಿತು, ಡಬ್ಬಿಯ ಅರ್ಧದವರೆಗೂ ಇಳಿಯಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಯಾರು ಮಾಡಿದ್ದು ಇದನ್ನ?" ಅವಳ ದನಿ ಏರಲಿಲ್ಲ.

"ನನ್ನ ತಮ್ಮ."

"ಒಳ್ಳೇ ಕೆಲಸಗಾರ. ಅಪ್ಪನ ಕಣ್ಣಿಗೇ ಬೀಳಲಿಲ್ಲ."

ಮೆಕ್ಯಾನಿಕ್ ಬಾಯಿ ತೆರೆದ. ತಮ್ಮನ ವಿಷಯ ಹೇಳಬೇಕೆಂದಿದ್ದ, ಡಾಕ್ಟರು ಕೊಟ್ಟ ಮೂರು ತಿಂಗಳ ವಿಷಯ, ನಕಾಶೆಯ ವಿಷಯ. ಅವಳು ಕೇಳುವವಳಾಗಿ ಕಾಣಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಿದ್ದಳು.

"ಸಾಹೇಬರು ಇನ್ನೂ ಆಫೀಸಿನಲ್ಲೇ ಇರ್ತಾರೆ," ಎಂದಳು. "ನೀವೇ ಹೋಗಿ ಹೇಳ್ತೀರಾ, ನಾನು ಹೋಗ್ಲಾ?"

ಅವಳು ಕಾದಳು. ಅಪ್ಪನ ಮಗಳು, ಕಾಯುವುದು ಚೆನ್ನಾಗಿ ಗೊತ್ತಿತ್ತು. ಮೆಕ್ಯಾನಿಕ್ ಸ್ಟೂಲಿನಿಂದ ಏಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಕೊನೆಗೆ ಅವಳು ಡಬ್ಬಿಯನ್ನು ಕೈಯಲ್ಲಿ ಹಿಡಿದು, ಷಟರನ್ನು ಪೂರ್ತಿ ಮೇಲಕ್ಕೆತ್ತಿ, ತಾನೇ ಹೊರಟಳು.