ಕುಲಾವಿಯ ಮೇಲಿನ ಹೆಸರು

"ಅದನ್ನ ಬಿಚ್ಚು ಅಕ್ಕಾ" ಎಂದ ನನ್ನ ತಮ್ಮ.

"ಬಿಚ್ಚಂಗಿಲ್ಲ" ಎಂದೆ.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಭೀಮರಾಜ ಚಿಕ್ಕಂದಿನಿಂದಲೂ ಹಾಗೆಯೇ, ಇಲ್ಲ ಎಂದದ್ದು ಅವನ ಕಿವಿಗೆ ಒಂದೇ ಸಲಕ್ಕೆ ಇಳಿಯುವುದಿಲ್ಲ. ಮರುದಿನ ಅವನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ನಾನು ಸೋದರತ್ತೆ ಪಂಪಾವತಿ, ಸಿರುಗುಪ್ಪದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ಸಂಜೆಯ ಬಸ್ಸಿಗೆ ಬಳ್ಳಾರಿಗೆ ಬಂದು, ಅವನ ಬಾಡಿಗೆ ಮನೆಯ ಮಂಚದ ಮೇಲೆ ಚೀಲ ಸುರುವಿ, ಕೂಸಿನ ತಲೆಗೆ ಹೆಣೆದು ತಂದ ಕುಲಾವಿ ತೋರಿಸಿದ್ದೆ. ಬಾಣಂತಿ ದುರ್ಗಾದೇವಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಅವಳ ಗಂಡ ಅದರ ಮೇಲಿನ ಹೆಸರು ಓದಿದ, ಎದ್ದು ಹೋಗಿ ಕಿಟಕಿ ಮುಚ್ಚಿದ.

ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಕುಲಾವಿ ಅವಳೇ ತರಬೇಕು, ಅವಳೇ ಕಟ್ಟಬೇಕು, ಅವಳೇ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರಬೇಕು. ಉಸುರಿದ ಕೂಡಲೇ ಸುತ್ತ ಕೂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿತ್ತೆಂದರೆ ಹೆಸರು ನಿಂತಿತು. ಬೇರೆ ದಿನ ನನ್ನನ್ನು ಯಾರೂ ಯಾವುದಕ್ಕೂ ಕೇಳುವುದಿಲ್ಲ. ಇದೊಂದು ದಿನ ನಾನಿಲ್ಲದೆ ತೊಟ್ಟಿಲು ತೂಗುವುದಿಲ್ಲ. ಅಂಥ ಅಧಿಕಾರ ಬಿಟ್ಟುಕೊಡಲು ನನಗೇನು ತಲೆ ಕೆಟ್ಟಿತ್ತೇ?

ಹೆಸರನ್ನು ಆರಿಸಿದವಳು ದುರ್ಗಾದೇವಿ. ಬಸುರಿಯಾಗಿದ್ದಾಗ ಕುರುಗೋಡಿನ ತವರಿನ ಅಂಗಳದಲ್ಲಿ ಕೂತು, "ಹೆಣ್ಣಾದ್ರ ಸಂಘಮಿತ್ರಾ" ಎಂದಿದ್ದಳು. ಅಶೋಕನ ಮಗಳು, ಬೋಧಿಯ ಕೊಂಬೆ ಹಿಡಿದು ಸಮುದ್ರ ದಾಟಿದವಳು. ಆಗ ಇದೇ ಭೀಮರಾಜ "ಭಾಳ ಚಲೋ ಐತಿ" ಎಂದು ತಲೆ ಆಡಿಸಿದ್ದ. ಕುರುಗೋಡಿನಲ್ಲಿ ಆಡಿದ ತಲೆ ಬಳ್ಳಾರಿಗೆ ಬರುವಷ್ಟರಲ್ಲಿ ನಿಂತುಬಿಟ್ಟಿತು.

ಕಾರಣ ಕೆಳಗಿನ ಮನೆಯಲ್ಲಿತ್ತು. ಮನೆಯ ಮಾಲೀಕರಾದ ಚಿದಾನಂದಪ್ಪ, ಶಿವಬಸಮ್ಮ ಅಲ್ಲಿರುತ್ತಿದ್ದರು. ಹಬ್ಬಕ್ಕೆ ಹೋಳಿಗೆ ಕಳಿಸುವ, ಜ್ವರ ಬಂದರೆ ಗಂಜಿ ಕಾಯಿಸಿ ತರುವ ಜನ. ಬಾಡಿಗೆಗೆ ಕೇಳಲು ಹೋದಾಗ "ನೀವು ಯಾವ ಪೈಕಿ?" ಎಂದರಂತೆ. ಅದಕ್ಕೂ ಮೊದಲು ಊರೆಲ್ಲ ಅಲೆದು, ನಿಜ ಹೇಳಿದ ಕಡೆಯೆಲ್ಲ "ಮನಿ ಆಗ್ಲೇ ಹೋಗೇತಿ" ಎನ್ನಿಸಿಕೊಂಡು ಬಂದಿದ್ದ ತಮ್ಮ, ಅವತ್ತು "ನಾವೂ ಶಿವನ ಒಕ್ಕಲೇ ರೀ" ಎಂದುಬಿಟ್ಟ. ಬಾಗಿಲಿಗೆ "ಬಿ. ರಾಜ್" ಎಂಬ ಫಲಕ ಬಂತು. ಗೋಡೆಯ ಮೇಲಿರಬೇಕಾದ ಬುದ್ಧ, ಬಾಬಾಸಾಹೇಬರು ಬೀರುವಿನೊಳಗೆ ಸೀರೆಗಳ ಸಂದಿಗೆ ಹೋದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅರ್ಧ ಸಿಟ್ಟು ಅವನ ಮೇಲೆ, ಅರ್ಧ ಅವನ ಬಾಯಲ್ಲಿ ಆ ಮಾತು ಬರಿಸಿದ ಊರಿನ ಮೇಲೆ.

ತೊಟ್ಟಿಲ ಶಾಸ್ತ್ರ ಕುರುಗೋಡಿನಲ್ಲೇ ಆಗಬೇಕಿತ್ತು. "ನಮ್ಮ ಮನ್ಯಾಗ ತೊಟ್ಟಿಲು ತೂಗಿ ಭಾಳ ವರ್ಷ ಆತು, ಇಲ್ಲೇ ಮಾಡ್ರಿ" ಎಂದು ಶಿವಬಸಮ್ಮನವರೇ ಹಟ ಹಿಡಿದರಂತೆ. ಪ್ರೀತಿಯಿಂದ ಹೇಳಿದ್ದಕ್ಕೆ ಇಲ್ಲ ಎನ್ನಲು ಇವನಿಗೆ ಬಾಯಿ ಬಂದಿರಲಿಲ್ಲ.

"ಆದ್ಯಾ ಅಂತ ಇಡೂಣು. ಯಾರಿಗೂ ಏನೂ ಗೊತ್ತಾಗಂಗಿಲ್ಲ" ಎಂದ.

"ಅದಕ್ಕ ಬ್ಯಾಡ."

"ಅದೂ ನೀಲಿ ದಾರದಾಗ ಹಾಕೀಯಲ್ಲ! ಬ್ಯಾರೆ ಬಣ್ಣ ಸಿಗಲಿಲ್ಲೇನು ನಿನಗ?"

"ಎಲ್ಲಾ ಬಣ್ಣನೂ ಇದ್ವು. ನನಗ ನೀಲಿನೇ ಬೇಕಾಗಿತ್ತು."

ಅವನು ತಲೆ ಹಿಡಿದುಕೊಂಡು ಕೂತ. "ಮನಿ ಬಿಡು ಅಂದ್ರ ಹಸಿ ಬಾಣಂತಿನ್ನ ಕರಕೊಂಡು ಎಲ್ಲಿ ಹೋಗ್ಲಿ ಅಕ್ಕಾ? ನೀನು ನಾಳಿ ಸಿರುಗುಪ್ಪದ ಬಸ್ ಹತ್ತತಿ. ಇಲ್ಲಿ ಇರಾವ ನಾನು."

ಅವನು ಹೇಳಿದ್ದು ಸುಳ್ಳಲ್ಲ. ಹಾಗೆಂದು ಹೆಸರು ಬಿಚ್ಚುವ ಪೈಕಿಯೂ ನಾನಲ್ಲ. "ನೀನು ಬಿ. ರಾಜ್ ಆಗಿ ಬದುಕು, ಬ್ಯಾಡ ಅನ್ನಂಗಿಲ್ಲ. ಕೂಸಿನ್ನ ಮಾತ್ರ ಬೀರುದಾಗ ಇಡಬ್ಯಾಡ" ಎಂದು ಹೇಳಿ ಮಲಗಿದೆ.

ಆ ಕುಲಾವಿಗೆ ನಾನು ಪಟ್ಟ ಪಾಡು ಅವನಿಗೇನು ಗೊತ್ತು? ಬಳ್ಳಾರಿಯ ಬಿಸಿಲಿಗೆ ಉಲ್ಲನ್ ಹಾಕಿದರೆ ಕೂಸು ಬೆಂದುಹೋಗುತ್ತದೆಂದು ಬಿಳಿ ಹತ್ತಿ ನೂಲು ತಂದೆ. ಕ್ರೋಶಾ ಕಡ್ಡಿಯಲ್ಲಿ ಹಣೆಯ ಅಂಚಿನಿಂದ ಹಿಡಿದು ಹಿಂದಲೆಯವರೆಗೆ ಹೆಣೆದೆ. ಸುತ್ತು ಹಾಕಿ ಹೆಣೆದರೆ ಬೇಗ ಆಗುತ್ತದೆ, ಆದರೆ ಹೆಣಿಗೆಯ ಕಣ್ಣುಗಳು ಒಂದು ಕಡೆ ವಾಲುತ್ತವೆ. ವಾಲಿದ ಕಣ್ಣಿನ ಮೇಲೆ ಅಕ್ಷರ ಇಟ್ಟರೆ ಹೆಸರು ಕುಡಿದು ಬಂದವರ ಹಾಗೆ ಕಾಣುತ್ತದೆ. ಅದಕ್ಕೇ ಸಾಲು ಸಾಲಿಗೂ ಮಗ್ಗುಲು ತಿರುವಿ, ಪ್ರತಿ ಕಣ್ಣನ್ನೂ ಚೌಕಾಗಿ ನಿಲ್ಲಿಸಿದೆ. ಅದರ ಮೇಲೆ ಮೊಂಡು ಸೂಜಿಯಲ್ಲಿ ಮೆಂತಿ ಹೊಲಿಗೆ. ಪೇಟೆಯವರು ಕ್ರಾಸ್ ಸ್ಟಿಚ್ ಎನ್ನುವುದು ಇದಕ್ಕೇ. ಒಂದೊಂದು ಕಣ್ಣಿನ ಮೇಲೆ ಒಂದೊಂದು ಗುಣಿಸು ಗುರುತು, ಮೇಲಿನ ಎಳೆ ಎಲ್ಲವೂ ಒಂದೇ ದಿಕ್ಕಿಗೆ ಬೀಳಬೇಕು. ನಮ್ಮ ಕನ್ನಡದ ಅಕ್ಷರ ದುಂಡಗೆ, ಈ ಹೊಲಿಗೆಯೋ ಚೌಕ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. "ಘ" ಎರಡು ಸಲ ಕೆಟ್ಟಿತು. "ತ್ರಾ" ಒತ್ತಿಗೆ ಜಾಗ ಸಾಲದೆ ಹಣೆಯ ಪಟ್ಟಿಯನ್ನೇ ಅಗಲ ಮಾಡಬೇಕಾಯಿತು.

ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತೇನೆ, ಮಂಚದ ಕೆಳಗೆ ಬಿಳಿ ನೂಲಿನ ರಾಶಿ. ಪಕ್ಕದಲ್ಲಿ ಕತ್ತರಿ. ಅದರ ಪಕ್ಕದಲ್ಲಿ ನನ್ನ ತಮ್ಮ.

ಕ್ರೋಶಾ ಎಂದರೆ ಒಂದೇ ಎಳೆ. ಕೊನೆಯ ಗಂಟು ಕತ್ತರಿಸಿ ಎಳೆದರೆ ಸರಸರನೆ ಬಿಚ್ಚಿಕೊಂಡು ಬರುತ್ತದೆ. ಚಿಕ್ಕವನಿದ್ದಾಗ ನಾನು ಹೆಣೆದಿಟ್ಟ ಟಿವಿ ಕವರನ್ನು ಹಾಗೆ ಎಳೆದುಕೊಂಡು ಬೀದಿಗೆ ಓಡಿದ್ದ ಭೂಪ ಇವನೇ. ಅದೇ ವಿದ್ಯೆ ನೆನಪಿಟ್ಟುಕೊಂಡು ಕೂತಿದ್ದಾನೆ. ಕುಲಾವಿಯೇ ಇಲ್ಲವಾದರೆ ಹೆಸರೂ ಇಲ್ಲ, ಅಂಗಡಿಯಿಂದ ಒಂದು ತಂದರಾಯಿತು ಎಂಬ ಯೋಚನೆ. ಹಿಂದಲೆ ಬಿಚ್ಚಿತು, ನೆತ್ತಿ ಬಿಚ್ಚಿತು. ಹಣೆಯ ಪಟ್ಟಿಗೆ ಬಂದದ್ದೇ ನೂಲು ಸಿಕ್ಕಿಕೊಂಡು ನಿಂತಿತು. ಅಲ್ಲಿ ಅಕ್ಷರ ಬಿದ್ದ ಕಣ್ಣುಗಳನ್ನೆಲ್ಲ ನೀಲಿ ದಾರ ಅಡ್ಡ ಹಾಯ್ದು ಹಿಡಿದುಕೊಂಡಿತ್ತು. ಇಡೀ ಕುಲಾವಿ ಹೋಗಿ ಹೆಸರೊಂದೇ ಅವನ ಕೈಯಲ್ಲಿ ಉಳಿದಿತ್ತು.

"ಇನ್ನೂ ಜೋರು ಎಳಿಬೇಕಿತ್ತು" ಎಂದೆ.

"ಎಳದ್ನೆ. ಬರವಲ್ದು" ಎಂದ. ದನಿ ಅಳುವಂತಿತ್ತು. ನನಗೆ ಹೊಡೆಯಬೇಕೆನ್ನಿಸಿತು, ತಲೆ ಸವರಬೇಕೆಂದೂ ಅನ್ನಿಸಿತು. ಎರಡೂ ಮಾಡಲಿಲ್ಲ.

ದುರ್ಗಾದೇವಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ನೂಲು ನೋಡಿದಳು, ಗಂಡನನ್ನು ನೋಡಿದಳು. ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿ, ನೆಲಕ್ಕೆ ಕೂತು ಆ ನೂಲನ್ನು ಉಂಡೆ ಸುತ್ತತೊಡಗಿದಳು.

"ಅಕ್ಕಾರ, ನೀವು ಹೆಣೀರಿ. ನಾನು ಸುತ್ತಿ ಕೊಡ್ತೀನಿ" ಎಂದಳು. ಆಮೇಲೆ ಗಂಡನಿಗೆ, "ಹೆಸರು ಹೇಳಾಕ ನಿಮಗ ಹೆದರಿಕಿ ಆದ್ರ ಹೊರಗ ನಿಂದರ್ರಿ. ನನ್ನ ಮಗಳ ಹೆಸರು ಅದಾ" ಎಂದಳು.

ಅಷ್ಟರಲ್ಲಿ ಓಣಿಯ ಹೆಂಗಸರು ಬರಲು ಶುರುವಾದರು. ಭೀಮರಾಜ ನನ್ನ ಕಿವಿಯ ಹತ್ತಿರ ಬಂದು, "ಅಂಗಡ್ಯಾಗ ಕುಲಾವಿ ಸಿಗ್ತಾವ, ಓಡಿ ಹೋಗಿ ತರ್ತೀನಿ" ಎಂದ.

"ತಾ. ನಿನ್ನ ತಲಿಗಿ ಹಾಕ್ಕೋ" ಎಂದೆ.

ತೊಟ್ಟಿಲ ಪಕ್ಕದಲ್ಲೇ, ಎಲ್ಲರ ನಡುವೆ ಚಕ್ಕಳಮಕ್ಕಳ ಹಾಕಿ ಕೂತೆ. ಹೆಸರಿನ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಚ್ಚಿಹೋದ ಕಡೆಯಿಂದ ಕಡ್ಡಿ ಹಾಕಿ ಹೆಣೆಯತೊಡಗಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಶಾಸ್ತ್ರದ ಹೊತ್ತಿಗೆ ಕುಲಾವಿ ಹೆಣೆಯುವ ಸೋದರತ್ತೆಯನ್ನು ಅವರು ಎಲ್ಲಿ ಕಂಡಿದ್ದರು? ಕಾಯಲಿ, ನನಗೇನು. ಒಬ್ಬಾಕೆ ಜೋಗುಳ ಎತ್ತಿದಳು. ಅದು ಮುಗಿಯಿತು, ಇನ್ನೊಂದು ಬಂತು. ಗುಗ್ಗರಿ ಆರಿತು. ನೆತ್ತಿ ತುಂಬಿತು, ಹಿಂದಲೆ ಕೂಡಿತು.

ಶಿವಬಸಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕೂಸಿಗೆಂದು ತಂದ ಬೆಳ್ಳಿ ಉಡುದಾರ ಅಂಗೈಯಲ್ಲಿ. ನನ್ನ ಕೈಯನ್ನೇ ನೋಡುತ್ತ, "ಎಷ್ಟ್ ಚಂದ ಹಾಕೀಯವ್ವಾ ಮೆಂತಿ. ಏನ್ ಬರದೀ? ಕನ್ನಡಕ ಕೆಳಗ ಬಿಟ್ ಬಂದೀನಿ" ಎಂದರು.

"ಹೆಸರು ರೀ ಅಮ್ಮಾರ. ಕೂಸಿನ ಕಿವಿಗಿ ಬಿದ್ದ ಮ್ಯಾಲೆ ನಿಮಗ."

"ಹೌದವ್ವಾ, ಅದು ಪದ್ಧತಿ" ಎಂದು ನಕ್ಕರು.

ಕೊನೆಯ ಗಂಟು ಹಾಕಿ, ನೂಲನ್ನು ಹಲ್ಲಲ್ಲೇ ಕಡಿದೆ. ದುರ್ಗಾದೇವಿ ಕೂಸನ್ನು ತಂದು ತೊಟ್ಟಿಲಲ್ಲಿ ಮಲಗಿಸಿದಳು. ಕುಲಾವಿ ಕಟ್ಟಿದೆ. ಹಣೆಯ ಮೇಲೆ ನೀಲಿ ಅಕ್ಷರ ಸಾಲಾಗಿ ನಿಂತವು. ಬಾಗಿಲ ಹತ್ತಿರ ನಿಂತಿದ್ದ ಭೀಮರಾಜನ ಮುಖ ಸುಣ್ಣದಂತಾಗಿತ್ತು. ನಾನು ಬಗ್ಗಿದೆ. ಕುರ್ರ್ ಎಂದೆ. ಉಸುರಬೇಕಾದ ಹೆಸರನ್ನು ಉಸುರಲಿಲ್ಲ, ಕೋಣೆಗೆಲ್ಲ ಕೇಳುವ ಹಾಗೆ ಹೇಳಿದೆ.

"ಸಂಘಮಿತ್ರಾ."

ಶಿವಬಸಮ್ಮನವರ ಕೈ ಗುದ್ದಲು ಮೇಲೆ ಎದ್ದಿತ್ತು. ಅಲ್ಲೇ ನಿಂತಿತು. "ಸಂಘಮಿತ್ರಾ ಅಂದ್ರ... ಇದು ಬುದ್ಧನ ಪೈಕಿ ಇಡೋ ಹೆಸರಲ್ಲೇನು?" ಎಂದು ನಿಧಾನವಾಗಿ ಕೇಳಿದರು. ನನ್ನನ್ನಲ್ಲ, ಬಾಗಿಲ ಕಡೆ ತಿರುಗಿ. "ಹೌದೇನಪ್ಪಾ ರಾಜು?"

ರಾಜು ನೆಲ ನೋಡುತ್ತಿದ್ದ.

"ಹೌದ್ರಿ ಅಮ್ಮಾರ" ಎಂದೆ ನಾನು. "ನಾವು ಅವ್ರೇ. ಮೊದ್ಲಿಂದನೂ."

ಎತ್ತಿದ ಕೈ ನಿಧಾನವಾಗಿ ಇಳಿದು ಅವರ ಮಡಿಲಿಗೆ ಹೋಯಿತು. ಅವರನ್ನು ನೋಡಿ ಉಳಿದ ಹೆಂಗಸರ ಕೈಗಳೂ ಮಡಿಲಲ್ಲೇ ಉಳಿದವು. ಗುದ್ದು ಬೀಳಲಿಲ್ಲ. ಬೆನ್ನು ಬಗ್ಗಿಸಿಕೊಂಡು ನಾನು ಹಾಗೆಯೇ ಇದ್ದೆ, ಏಳಲಿಲ್ಲ. ಶಿವಬಸಮ್ಮ ಎದ್ದರು. ಬೆಳ್ಳಿ ಉಡುದಾರವನ್ನು ಒಂದು ಕ್ಷಣ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ತಮ್ಮನ ಪಕ್ಕದಿಂದ ಹಾಯ್ದು ಹೊರಗೆ ಹೋದರು. ಮೆಟ್ಟಿಲ ಮೇಲೆ ಅವರ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು. ಆದರೂ ಏಳಲಿಲ್ಲ.

ಆಗ ಬೆನ್ನಿಗೆ ಬಿತ್ತು ಗುದ್ದು. ಹೆಂಗಸರ ಕೈಯ ಗುದ್ದಲ್ಲ ಅದು, ಉಸಿರು ಹಾರುವಂಥದ್ದು. ತಿರುಗಿ ನೋಡಿದರೆ ನನ್ನ ತಮ್ಮ. ಗಂಡಸರು ಬರಬಾರದ ಜಾಗಕ್ಕೆ ಬಂದು, ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

"ಇನ್ನೊಮ್ಮೆ ಹೇಳಕ್ಕಾ" ಎಂದ. "ಜೋರಾಗಿ ಹೇಳು. ಕೆಳಗಿನ ಮನಿಗಿ ಕೇಳ್ಬೇಕು. ಸಂಘಮಿತ್ರಾ ಭೀಮರಾಜ ಅಂತ ಪೂರಾ ಹೇಳು."

ದುರ್ಗಾದೇವಿ ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು. ನಾನು ಪೂರಾ ಹೇಳಿದೆ.