ಹೊಸ್ತಿಲು ಹತ್ತುವ ಟ್ಯಾಂಕು

ಹೊಳನಗದ್ದೆಯ ಆ ಮನೆಯಲ್ಲಿ ಮಾವಿನಕಾಯಿ ಕೊಯ್ಯುವ ದೋಟಿಯೊಂದಿತ್ತು. ನರೇಶ ಮುಂಬಯಿಯಿಂದ ರೋಗ ಹೊತ್ತು ತಿರುಗಿ ಬಂದ ಮೇಲೆ ಅವನ ಅಬ್ಬೆ ಗಣಪಿ ಅದರ ತುದಿಯ ಕೊಕ್ಕೆ ಬಿಚ್ಚಿದಳು. ಗಂಜಿ ತುಂಬಿದ ಅಡಿಕೆ ಹಾಳೆಯ ದೊನ್ನೆಯನ್ನು ಅವನ ಕೋಣೆಯ ಹೊಸ್ತಿಲ ಮೇಲಿಟ್ಟು, ಹಿಂದೆ ಸರಿದು, ದೋಟಿಯಿಂದ ಮೆಲ್ಲಗೆ ಒಳಗೆ ನೂಕುವಳು. ದೊನ್ನೆ ಆಚೆ ಬಿದ್ದು ಅರ್ಧ ಗಂಜಿ ನೆಲದ ಪಾಲಾಗುವುದು. ಹೊಸ್ತಿಲ ಮೇಲೆ ಅನ್ನ ಇಡಬಾರದು ಎಂದು ಮಕ್ಕಳಿಗೆಲ್ಲ ಹೇಳಿಕೊಟ್ಟವಳೂ ಅವಳೇ.

"ಚೆಲ್ತೇನಾ?" ಎಂದು ಕೇಳುವಳು.

"ಅರ್ಧ ಚೆಲ್ತು, ಅರ್ಧ ಅದೆ."

ಎಷ್ಟು ಉಳಿಯಿತೆಂದು ನೋಡಲು ಅವಳು ಬಗ್ಗಿ ಒಳಗೆ ಇಣುಕುವಳು. ಇಣುಕಿದಾಗ ಮಗನ ಮುಖವೂ ಕಾಣುವುದು. "ತಲೆ ಬಾಚ್ಕಳುಕೆ ಎಂತ ಧಾಡಿ ನಿಂಗೆ?" ಎಂದು ಒಂದು ಮಾತು ಬೈದು ಹೋಗುವಳು. ಹೊತ್ತು ಹೊತ್ತಿಗೆ ಬೀಳುವ ಆ ಬೈಗುಳಕ್ಕಾಗಿ ನರೇಶ ಬೇಕೆಂದೇ ತಲೆ ಬಾಚುತ್ತಿರಲಿಲ್ಲ. ಇದು ಅವನ ತಂಗಿ ರೇಖಾಗೆ ಮಾತ್ರ ಗೊತ್ತಿತ್ತು.

ಕೊಂಕಣ ರೈಲು ಓಡಲು ಶುರುವಾಗಿ ಎರಡು ಮೂರು ಮಳೆಗಾಲ ಕಳೆದಿತ್ತು. ಅದೇ ರೈಲಿನಲ್ಲಿ ಬಂದು ಕುಮಟೆಯಲ್ಲಿ ಇಳಿದಾಗ ನರೇಶ ತನ್ನ ಚೀಲಕ್ಕಿಂತ ಹಗುರವಾಗಿದ್ದ. ಏಡ್ಸ್ ಎಂದು ಡಾಕ್ಟರು ಹೇಳಿದರು. ಮುಟ್ಟಿದರೆ ಬರುವುದಿಲ್ಲ ಎಂದೂ ಹೇಳಿದರು. ಮೊದಲನೆಯದನ್ನು ನಂಬಿದಷ್ಟು ಗಟ್ಟಿಯಾಗಿ ಎರಡನೆಯದನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ಕುಮಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದೊಡ್ಡಣ್ಣ ದಿನಕರ ಬೀಜದ ಭತ್ತ ಇಡುವ ಕೋಣೆಯನ್ನು ತಮ್ಮನಿಗೆ ಬಿಡಿಸಿಕೊಟ್ಟ. ರೇಖಾಗೆ ಬೆರಳು ತೋರಿಸಿ ಹೇಳಿದ: "ನೀ ಒಳಗೆ ಕಾಲಿಟ್ಟೆ ಅಂದ್ರೆ ಆ ದಿನವೇ ಅವನ್ನ ಗದ್ದೆ ಮಾಳಕ್ಕೆ ಸಾಗಿಸ್ತೆ. ನಿನ್ನ ಮದುವೆ ಮಾತು ನಡೀತಾ ಅದೆ, ನೆನಪಿರ್ಲಿ."

ಗದ್ದೆಯ ಮಾಳವೆಂದರೆ ನಾಲ್ಕು ಕಂಬ, ಮೇಲೊಂದಿಷ್ಟು ಸೋಗೆ. ರೇಖಾ ಹೊಸ್ತಿಲಿನ ಈಚೆಯೇ ಕೂತಳು.

ಕೂತು ಕತೆ ಹೇಳುವಳು. ತೀರಿಹೋದ ಸುಕ್ರಜ್ಜಿಯ ಕತೆಗಳು. ಬಾಗಿಲೇ ಇಲ್ಲದ ಕೋಟೆಯಲ್ಲಿ ಒಬ್ಬ ರಾಜಕುಮಾರ ಸೆರೆಯಿದ್ದನಂತೆ. ಇರುವೆಗಳು ಗೋಡೆಯ ಬಿರುಕಿನಿಂದ ಒಂದೊಂದೇ ಅಕ್ಕಿಕಾಳು ಹೊತ್ತೊಯ್ದು ಅವನನ್ನು ಸಾಕಿದವಂತೆ. ಇರುವೆ ತಂದದ್ದನ್ನೇ ಉಂಡು ಉಂಡು ಅವನೂ ಇರುವೆಯಷ್ಟಾಗಿ, ಅದೇ ಬಿರುಕಿನಿಂದ ಹೊರಗೆ ಬಂದನಂತೆ.

"ನಾನೂ ಈಗ ಅದೇ ದಾರೀಲಿ ಇದ್ದೆ ಕಾಣು" ಎಂದು ನರೇಶ ಒಳಗಿನಿಂದ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದ: "ಮೆತ್ತಿನ ಮೇಲೆ ನನ್ನ ಟ್ಯಾಂಕ್ ಇತ್ತಲೆ, ಅದೆಯಾ ಇನ್ನೂ?"

ಇತ್ತು. ಐಟಿಐ ಮುಗಿಸಿ ಮೊದಲ ಸಂಬಳ ಬಂದಾಗ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಕೊಂಡ ಆಟಿಕೆಯ ಯುದ್ಧಟ್ಯಾಂಕು ಅದು. "ಮಗ ಹುಟ್ಟಿದ ಮೇಲೆ ತಗೊಳ್ಳೋ ಸಾಮಾನು ಮಾರಾಯಾ ಇದು" ಎಂದು ಅಂಗಡಿಯ ಸಾಹೇಬರು ನಕ್ಕಿದ್ದರಂತೆ. ರಿಮೋಟಿನ ಎರಡು ಕಡ್ಡಿ ಒತ್ತಿದರೆ ಎರಡು ಬದಿಯ ಪಟ್ಟಿಗಳು ಬೇರೆ ಬೇರೆಯಾಗಿ ತಿರುಗುತ್ತಿದ್ದವು. ಈಗ ಅಟ್ಟದಲ್ಲಿ ಬಿದ್ದು ಸೆಲ್ಲು ಒಸರಿ ತಗಡು ಹಸಿರುಗಟ್ಟಿತ್ತು, ಉಪ್ಪುಗಾಳಿಗೆ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಒಳಗಿನ ಬಿಳಿ ಪ್ಲಾಸ್ಟಿಕ್ ಗೇರುಗಳಿಗೆ ಸೀಳು ಬಿದ್ದಿತ್ತು.

ಮುಂಬಯಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದ ನರೇಶನ ಬೆರಳುಗಳಿಗೆ ಈಗ ಸೂಜಿ ಹಿಡಿಯುವ ಶಕ್ತಿಯೂ ಇರಲಿಲ್ಲ. ಅವನು ಚಾಪೆಯ ಮೇಲಿಂದ ಹೇಳಿದ, ರೇಖಾ ಹೊಸ್ತಿಲಿನ ಈಚೆ ಮಾಡಿದಳು. ಲಿಂಬೆರಸ ಹಚ್ಚಿ ಹಸಿರು ತಿಕ್ಕಿದಳು. ಒಂದು ಬದಿಯ ಮೋಟಾರಿನ ವಯರು ತಪ್ಪಿ ಅದಲುಬದಲು ಮಾಡಿ ಬೆಸೆದಾಗ ಟ್ಯಾಂಕು ನಿಂತಲ್ಲೇ ಗಿರಗಿರ ತಿರುಗಿತು.

"ನಮ್ಮ ದೊಡ್ಡಣ್ಣನ ಹಂಗೇ ಆತು" ಎಂದ ನರೇಶ. "ಮುಂದೆ ಹೋಗು ಅಂದ್ರೆ ಸುತ್ತು ಹೊಡೀತದೆ."

ಇಬ್ಬರೂ ನಕ್ಕರು. ಆ ನಗುವಿನ ನಡುವೆಯೇ ರೇಖಾಗೆ ಸುಕ್ರಜ್ಜಿಯ ಇರುವೆ ನೆನಪಾಯಿತು. "ಅಣ್ಣ, ಇದು ಗಂಜಿ ಹೊತ್ತು ಒಳಗೆ ಬರ್ಲಿ. ಚೆಲ್ಲುದು ತಪ್ತದೆ."

ನರೇಶ ಹೊಸ್ತಿಲ ಎತ್ತರವನ್ನು ಕಣ್ಣಲ್ಲೇ ಅಳೆದ. "ಹೊಸ್ತಿಲು ಹತ್ತುದಿಲ್ಲ ಅದು."

"ಹತ್ತುವಂಗೆ ಮಾಡುವ."

ಸವಾಲು ಸಿಕ್ಕ ಕೂಡಲೇ ಅವನ ದನಿಗೆ ಹಳೆಯ ಕಸುವು ಬಂತು. ವೇಗ ಕಮ್ಮಿ ಮಾಡಿ ಬಲ ಜಾಸ್ತಿ ಮಾಡಬೇಕು, ಅದಕ್ಕೆ ಇನ್ನೊಂದು ದೊಡ್ಡ ಗೇರು ಸೇರಿಸಬೇಕು ಎಂದ. ಸತ್ತುಹೋದ ಅಪ್ಪ ದುರ್ಗಪ್ಪನ ಅಲಾರಂ ಗಡಿಯಾರ ಬಿಚ್ಚಿ ರೇಖಾ ಹಿತ್ತಾಳೆಯ ಗೇರುಗಳನ್ನು ತೆಗೆದಳು. ಸೀಳಿದ ಬಿಳಿ ಗೇರುಗಳ ಜಾಗದಲ್ಲಿ ಹಲ್ಲಿಗೆ ಹಲ್ಲು ಕೂರುವ ತನಕ ಒಂದೊಂದನ್ನೇ ಇಟ್ಟು ನೋಡಿ, ಕಾಯಿಸಿದ ದಬ್ಬಣದಿಂದ ಹೊಸ ತೂತು ಕೊರೆದಳು. ಪಟ್ಟಿ ಜಾರದಂತೆ ಸೈಕಲ್ ಟ್ಯೂಬಿನ ತುಂಡುಗಳನ್ನು ಅಡ್ಡಡ್ಡ ಅಂಟಿಸಿದಳು. ಮುಂದಿನ ಚಕ್ರವನ್ನು ಮೇಲಕ್ಕೆತ್ತಿ ಕೂರಿಸಿದ್ದರಿಂದ ಪಟ್ಟಿ ಇಳಿಜಾರಾಗಿ ಹೊಸ್ತಿಲಿಗೆ ತಾಗುವಂತಾಯಿತು. ಹತ್ತುವಾಗ ಹಿಂದಕ್ಕೆ ಮಗುಚದಿರಲೆಂದು ಸೆಲ್ಲುಗಳು ಮೂತಿಯ ಕಡೆಗೆ ಹೋದವು. ತೋಪು ಕಿತ್ತ ಜಾಗದಲ್ಲಿ ತಂತಿಯ ತೊಟ್ಟಿಲು ಕಟ್ಟಿ ದೊನ್ನೆ ತೂಗುಬಿಟ್ಟಳು. ಟ್ಯಾಂಕು ಎಷ್ಟು ಓಲಾಡಿದರೂ ದೊನ್ನೆ ನೆಟ್ಟಗೇ ಇರುತ್ತಿತ್ತು.

ಮೊದಲ ಸಲ ಅದು ಗುರ್ ಎನ್ನುತ್ತ ಹೊಸ್ತಿಲೇರಿ, ತುದಿಯಲ್ಲಿ ಒಂದು ಕ್ಷಣ ತೂಗಿ, ಹನಿ ಗಂಜಿಯೂ ಚೆಲ್ಲದೆ ಆಚೆ ಇಳಿದಾಗ ನರೇಶ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಗೆ ಸದ್ದೇ ಇರಲಿಲ್ಲ. ಗಣಪಿ ಕಣ್ಣೊರೆಸಿಕೊಂಡು, "ನನ್ನ ಮಗನ ತಲೆ ಕಾಣು" ಎಂದಳು. ದಿನಕರನೂ ಬಂದು ನೋಡಿ, "ಇದೊಂದು ಒಳ್ಳೆದಾತು" ಎಂದ.

ಒಳ್ಳೆಯದೇ ಆಯಿತು ಎಂದು ರೇಖಾ ಕೂಡ ಅಂದುಕೊಂಡಳು. ಗಣಪಿ ರಿಮೋಟು ಹಿಡಿಯಲು ಬೇಗ ಕಲಿತಳು. ಮೊದಮೊದಲು ಬಾಗಿಲ ಬಳಿ ನಿಂತು ಒತ್ತುತ್ತಿದ್ದಳು. ಆಮೇಲೆ ಜಗಲಿಯ ಕಂಬಕ್ಕೆ ಒರಗಿ ಒತ್ತತೊಡಗಿದಳು. ಇನ್ನೂ ಕೆಲವು ದಿನ ಕಳೆದ ಮೇಲೆ ಟ್ಯಾಂಕು ಅಡುಗೆಮನೆಯಿಂದಲೇ ಹೊರಡುತ್ತಿತ್ತು. ಅಲ್ಲಿಂದ ಕೋಣೆಯ ಬಾಗಿಲು ಕಾಣುತ್ತಿತ್ತು, ಒಳಗಿನ ಚಾಪೆ ಕಾಣುತ್ತಿರಲಿಲ್ಲ. ಚೆಲ್ಲುವುದಿಲ್ಲವಾದ್ದರಿಂದ ಬಗ್ಗಿ ನೋಡುವ ಕೆಲಸವೂ ಇರಲಿಲ್ಲ. ಖಾಲಿ ಟ್ಯಾಂಕು ಮರಳಿದಾಗ ದಿನಕರ ಅದರ ಮೇಲೆ ಡೆಟಾಲ್ ನೀರು ಚಿಮುಕಿಸುವನು.

ಒಂದು ಬೆಳಿಗ್ಗೆ ನರೇಶ ಕೇಳಿದ: "ಅಬ್ಬೆ ಮನೇಲಿಲ್ವೇನೆ?"

"ಇದ್ದಾಳೆ... ಅಡುಗೆ ಮಾಡ್ತಾ ಇದ್ದಾಳೆ."

"ಹೌದಾ." ಅವನು ಗೋಡೆಯತ್ತ ನೋಡಿದ. ಕೂದಲು ಜಡೆಗಟ್ಟಿತ್ತು. ಬೈಯುವವರೇ ಇರಲಿಲ್ಲ. "ತಂಗಿ, ಎಡಬದಿ ಹಿತ್ತಾಳೆ ಗೇರ್ ತೆಗಿ. ಆ ಸೀಳಿದ ಬಿಳೀದು ಹಾಕು."

"ಹುಚ್ಚೇನಾ? ಹೊಸ್ತಿಲ ಮೇಲೇ ಸಿಕ್ಕಿ ಬೀಳ್ತದೆ."

"ಬೀಳ್ಲಿ" ಎಂದ ನರೇಶ. "ಸಿಕ್ಕಿಬಿದ್ರೆ ಯಾರಾದ್ರೂ ಬರುಕೇ ಬೇಕಲೆ."

ಇರುವೆಗಳು ಕಾಳು ಹೊತ್ತೊಯ್ಯುವಾಗ ರಾಜಕುಮಾರನ ಅಬ್ಬೆ ಎಲ್ಲಿದ್ದಳು ಎಂದು ಸುಕ್ರಜ್ಜಿಯನ್ನು ರೇಖಾ ಯಾವತ್ತೂ ಕೇಳಿರಲಿಲ್ಲ. ಆಮೇಲೆ ಎದ್ದು ಸ್ಕ್ರೂಡ್ರೈವರ್ ತಂದಳು. ಹಿತ್ತಾಳೆಯ ಗೇರು ಬಿಚ್ಚಿ ಸೀಳಿದ್ದನ್ನು ಕೂರಿಸಿದಳು.

ಮಧ್ಯಾಹ್ನ ಟ್ಯಾಂಕು ಗಂಜಿ ಹೊತ್ತು ಅಡುಗೆಮನೆಯಿಂದ ಹೊರಟಿತು. ಸಮನೆಲದಲ್ಲಿ ಏನೂ ತಿಳಿಯಲಿಲ್ಲ. ಹೊಸ್ತಿಲು ಹತ್ತುವಾಗ ಎಡಗಡೆಯಿಂದ ಕಟಕಟ ಸದ್ದು ಬಂತು, ಹಲ್ಲು ಜಾರಿತು, ಬಲಗಡೆಯ ಪಟ್ಟಿ ಮಾತ್ರ ಮುಂದೆ ಹೋಗಿ ಟ್ಯಾಂಕು ಅಡ್ಡ ತಿರುಗಿ ಹೊಸ್ತಿಲ ಮೇಲೆ ನೇತುಬಿತ್ತು. ಗಣಪಿ ಕಡ್ಡಿಗಳನ್ನು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

"ಎಂತ ಆತೇ ಇದ್ಕೆ? ರೇಖಾ, ಬಂದು ಕಾಣೆ!"

ರೇಖಾ ಕಂಬದ ಮರೆಯಿಂದ ಅಲ್ಲಾಡಲಿಲ್ಲ.

"ಅಬ್ಬೇ" ಎಂದು ನರೇಶ ಕರೆದ. "ಸ್ವಲ್ಪ ಎತ್ತಿಕೊಡು. ಹಸಿವಾಗ್ತಾ ಅದೆ."

ಗಣಪಿ ದೋಟಿಗಾಗಿ ಸುತ್ತ ನೋಡಿದಳು. ಅದು ಎಂದೋ ಮಾವಿನ ಮರದಡಿ ಸೇರಿತ್ತು. ರಿಮೋಟನ್ನು ಕೆಳಗಿಟ್ಟು ಒಂದೊಂದೇ ಹೆಜ್ಜೆ ಬಂದಳು. ಬಾಗಿಲಲ್ಲಿ ನಿಂತವಳು ಒಳಗೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟು ದಿನಗಳಲ್ಲಿ ಮಗ ಅರ್ಧವಾಗಿ ಹೋಗಿದ್ದ.

"ತಲೆ..." ಎಂದಳು. ಬಗ್ಗಿ ಟ್ಯಾಂಕಿನ ಹಿಂಬದಿ ಹಿಡಿದಳು. ನರೇಶ ಚಾಪೆಯಿಂದ ತೆವಳಿ ಬಂದು ಮುಂಬದಿ ಹಿಡಿದ. ಹೊಸ್ತಿಲ ಮೇಲೆ ಒಂದಷ್ಟು ಹೊತ್ತು ಇಬ್ಬರೂ ಅದನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಅವನ ಬೆರಳು ಜಾರಿ ಅವಳ ಬೆರಳಿನ ಮೇಲೆ ಬಂತು. ಗಣಪಿ ಕೈ ಎಳೆದುಕೊಳ್ಳಲಿಲ್ಲ.

"ಎಷ್ಟು ತಣ್ಣಗಾಗಿ ಅದೆ ಮಗಾ ನಿನ್ನ ಕೈ."

ನರೇಶನ ಮುಖ ಅರಳಿದ್ದನ್ನು ರೇಖಾ ಕಂಬದ ಮರೆಯಿಂದಲೇ ಕಂಡಳು. ಸುಕ್ರಜ್ಜಿಯ ಕತೆಯ ರಾಜಕುಮಾರ ಬಿರುಕಿನಿಂದ ಹೊರಗೆ ಬಂದಾಗ ಹೀಗೆಯೇ ಕಂಡಿರಬೇಕು ಎಂದು ಅವಳಿಗೆ ಅನಿಸಿತು.

ಗಣಪಿ ಎದ್ದಳು. ಬಲಗೈಯನ್ನು ಮೈಯಿಂದ ದೂರ ಚಾಚಿ ಹಿಡಿದು, ಅದನ್ನೇ ನೋಡುತ್ತ ಹಿಂದೆ ಹಿಂದೆ ಸರಿದಳು. ಹಿತ್ತಲ ಬಾಗಿಲು ದಾಟುವಾಗ ಅವಳ ಹೆಜ್ಜೆ ಓಟವಾಗಿತ್ತು. ಬಾವಿಯ ರಾಟೆ ಕಿರುಗುಟ್ಟಿತು. ಒಂದು ಕೊಡ ಸುರಿದ ಸದ್ದು. ಮತ್ತೆ ರಾಟೆ. ಮತ್ತೊಂದು ಕೊಡ. ತೆಂಗಿನ ನಾರಿನಿಂದ ಚರಚರ ತಿಕ್ಕುವ ಸದ್ದು, ನಡುನಡುವೆ ಅಳು. "ದಿನಕರಾ, ಡೆಟಾಲ್ ತಾರೋ!"

ನರೇಶ ಗಂಜಿ ಮುಟ್ಟಲಿಲ್ಲ. ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡ. ಎಷ್ಟೋ ಹೊತ್ತಿನ ಮೇಲೆ, ದನಿ ಏರಿಸದೆ ಕರೆದ:

"ತಂಗಿ."

"ಹೂಂ, ಅಣ್ಣ."

"ಹಿತ್ತಾಳೆದೇ ತಿರುಗಿ ಹಾಕು."

ರೇಖಾ ಟ್ಯಾಂಕನ್ನು ಮಡಿಲಿಗೆ ಎತ್ತಿಕೊಂಡು ಮಗುಚಿ ಹಾಕಿ ಸ್ಕ್ರೂ ಬಿಚ್ಚತೊಡಗಿದಳು. ಹಿತ್ತಲಲ್ಲಿ ರಾಟೆ ಇನ್ನೂ ತಿರುಗುತ್ತಿತ್ತು.