ನಾನು ರಕ್ತದಾನಿಗಳ ಬ್ಲಾಗಿನ ಡೇಟಾಬೇಸ್

ನಾನು ಒಂದು ಡೇಟಾಬೇಸ್. ಬ್ಲಾಗ್ ಓದುವವರಿಗೆ ಬರಹ ಕಾಣುತ್ತದೆ. ಅದನ್ನೆಲ್ಲ ಜೋಡಿಸಿಟ್ಟುಕೊಂಡು, ಕೇಳಿದಾಗ ಎತ್ತಿಕೊಡುವ ನಾನು ಕಾಣುವುದಿಲ್ಲ. ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯ ದಸ್ತಗೀರ ಮುಲ್ಲಾ ಒಂದು ಮಧ್ಯಾಹ್ನ ನನ್ನನ್ನು ಹುಟ್ಟಿಸಿದ. ಆಗ ನನ್ನೊಳಗಿದ್ದದ್ದು ಹನ್ನೆರಡು ಖಾಲಿ ಪಟ್ಟಿಗಳು, ಅಷ್ಟೇ. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು ನನ್ನ ಒಡತಿ ನೀಲಾಂಬಿಕಾ ಹಳ್ಳೂರ, ಮೂವತ್ತು ವರ್ಷ ರಕ್ತನಿಧಿಯಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ರಕ್ತ ಬೇಕಾದವರನ್ನೂ ಕೊಡುವವರನ್ನೂ ಒಂದೆಡೆ ಸೇರಿಸುವ ಬ್ಲಾಗ್ ಅವರಿಗೆ ಬೇಕಿತ್ತು.

ಬ್ಲಾಗ್ ಬೇಗನೆ ಮನೆಮಾತಾಯಿತು. ದಿನಕ್ಕೆ ನೂರಾರು ಮಂದಿ ಬಂದು ಓದಿದರು, ಕೆಲವರು ಬರೆದರು. ನಾನು ಉಬ್ಬುತ್ತ ಹೋದೆ. ನೀಲಾಂಬಿಕಾ ಒಂದು ಅಕ್ಷರ ತಿದ್ದಿದರೂ ಇಡೀ ಬರಹದ ಹಳೆಯ ಪ್ರತಿ ನನ್ನಲ್ಲೇ ಉಳಿಯುತ್ತಿತ್ತು. ಸಾಲದ್ದಕ್ಕೆ ಜಾಹೀರಾತಿನವರ ಕಾಮೆಂಟುಗಳು ಲಕ್ಷಗಟ್ಟಲೆ ಬಂದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ತುಂಬಿಕೊಂಡವು. ಏಳನೆಯ ವರ್ಷಕ್ಕೆ ನನಗೆ ಏದುಸಿರು. ಒಂದು ಪುಟ ತೆರೆಯಲು ನಿಮಿಷ ಹಿಡಿಯುತ್ತಿತ್ತು. ಕೆಲವೊಮ್ಮೆ ತೆರೆಯುತ್ತಲೇ ಇರಲಿಲ್ಲ.

ಅಂಥದ್ದೇ ಒಂದು ಬೆಳಿಗ್ಗೆ ಸಿಂದಗಿ ಕಡೆಯಿಂದ ಕರೆ ಬಂತು. ಹೆರಿಗೆಗೆ ಸೇರಿದ್ದ ಹೆಣ್ಣುಮಗಳಿಗೆ ರಕ್ತ ಬೇಕು; ಅವಳದು ಬಾಂಬೆ ಗುಂಪು. ಸಾವಿರಾರು ಜನರಲ್ಲಿ ಒಬ್ಬರಲ್ಲೂ ಕಾಣಸಿಗದ ರಕ್ತದ ಗುಂಪು ಅದು. ನೀಲಾಂಬಿಕಾ ಬ್ಲಾಗಿನಲ್ಲಿ ಹುಡುಕಿದರು. ಪರದೆ ಬೆಳ್ಳಗಾಗಿ ನಿಂತುಬಿಟ್ಟಿತು. ಅವರು ಆಟೋ ಹಿಡಿದು ನೇರ ದಸ್ತಗೀರನ ಅಂಗಡಿಗೆ ಬಂದರು.

"ಅಕ್ಕಾರ, ಭಾಳ ದಪ್ಪ ಆಗೇತ್ರಿ ಇದು. ಹಳೇ ಕಾಮೆಂಟು, ಸ್ಪ್ಯಾಮು ಎಲ್ಲಾ ಅಳಿಸಿಬಿಡೂಣು, ಹಗುರ ಆಗ್ತದ," ಎಂದ ಅವನು.

"ಹಂಗ ಅಳಿಸಬ್ಯಾಡಪಾ. ಅದರಾಗ ಮಂದಿ ಅದಾರ."

ದಸ್ತಗೀರ ಮೊದಲು ನನ್ನ ಪೂರ್ತಿ ಪ್ರತಿ ತೆಗೆದಿಟ್ಟ. ತಿದ್ದುಪಡಿಯ ಹಳೆಯ ಪ್ರತಿಗಳನ್ನು ಕಿತ್ತುಹಾಕಿದ. ಕಾಮೆಂಟುಗಳಿಗೆ ಸೂಚಿ ಕಟ್ಟಿದ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ತಡಕಾಡುವ ಕಷ್ಟ ತಪ್ಪಿತು. ನನಗೆ ಉಸಿರು ಬಂದಂತಾಯಿತು. ಆದರೆ ಹುಡುಕಿದರೆ ಬಾಂಬೆ ಗುಂಪಿನವರು ಒಬ್ಬರೂ ಇಲ್ಲ.

"ಸ್ಪ್ಯಾಮಿನಾಗೂ ನೋಡು," ಎಂದರು ನೀಲಾಂಬಿಕಾ.

"ಅದು ಬರೇ ಕಸ ಅಕ್ಕಾರ."

"ನೋಡು ಅಂದ್ನೆಲ್ಲ."

'ಬಾಂಬೆ' ಎಂಬ ಪದವಿದ್ದ ಇನ್ನೂರ ಹನ್ನೆರಡು ಸಾಲು ಕೊಟ್ಟೆ. ಹೆಚ್ಚಿನವು ಬಾಂಬೆ ಹೋಟೆಲುಗಳ ಜಾಹೀರಾತು. ನಡುವೆ ಇಂಡಿ ಊರಿನ ಲಾರಿ ಚಾಲಕ ಸಾಯಬಣ್ಣ ಬರೆದದ್ದೊಂದಿತ್ತು: "ನಂದು ಬಾಂಬೆ ಗುಂಪು ಅಂತ ಡಾಕ್ಟರ್ ಹೇಳ್ಯಾರ. ಯಾರಿಗರೆ ಬೇಕಾದ್ರ ಫೋನ್ ಹಚ್ಚರಿ." ಕೆಳಗೆ ನಂಬರು. ಆ ನಂಬರು ಕಂಡೇ ಬ್ಲಾಗಿನ ಜರಡಿ ಅದನ್ನು ಜಾಹೀರಾತೆಂದು ಸ್ಪ್ಯಾಮಿಗೆ ತಳ್ಳಿತ್ತು.

ನೀಲಾಂಬಿಕಾ ಫೋನ್ ಮಾಡಿದರು. ಅತ್ತಲಿಂದ ಮಾತು ಕೇಳಿಸಿತು: "ಬರ್ತೀನ್ರಿ ಅಮ್ಮಾರ, ಈಗ ಹೊಂಟೆ. ಆರು ವರ್ಷ ಆತು ನೋಡ್ರಿ ಬರದು. ನನ್ನ ರಕ್ತ ಯಾರಿಗೂ ಬ್ಯಾಡಾಗೇತಿ ಅಂತ ತಿಳ್ಕೊಂಡಿದ್ದೆ."

ಸಾಯಬಣ್ಣ ಬಂದ, ತಮ್ಮನನ್ನೂ ಕರೆತಂದ. ತಮ್ಮನದೂ ಅದೇ ಗುಂಪಾಗಿತ್ತು. ತಾಯಿ ಉಳಿದಳು, ಮಗುವೂ ಉಳಿಯಿತು. ದಸ್ತಗೀರ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಿದ. ನೀಲಾಂಬಿಕಾ ಮಾತ್ರ ಚಹಾ ಮುಟ್ಟಲಿಲ್ಲ. "ಆರು ವರ್ಷ," ಎಂದರು. "ಇನ್ನೆಷ್ಟು ಮಂದೀನ ಹಿಂಗ ಕಸಕ್ಕ ಹಾಕೀವೋ."

ಮರುದಿನದಿಂದ ಅವರು ಸ್ಪ್ಯಾಮ್ ಪೆಟ್ಟಿಗೆ ಓದಲು ಕುಳಿತರು. ದಿನವೂ ಬೆಳಿಗ್ಗೆ ಪೂಜೆ ಮುಗಿಸಿ ಎರಡು ಸಾವಿರ ಸಾಲು. ಕಣ್ಣು ಉರಿದರೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಶುರು. ಐದು ತಿಂಗಳಲ್ಲಿ ನಲವತ್ತೊಂದು ನಿಜವಾದ ಮನುಷ್ಯರು ಸಿಕ್ಕರು. ಒಬ್ಬೊಬ್ಬರಿಗೂ ಅವರೇ ಫೋನ್ ಮಾಡಿ ತಪ್ಪಾಯಿತು ಎಂದರು. ಕೊನೆಗೆ ಉಳಿದ ಕಸವನ್ನು ಅಳಿಸಿದಾಗ ನಾನು ಮೊದಲಿನ ಎಂಟನೆಯ ಒಂದು ಪಾಲಾಗಿದ್ದೆ.

ಈಗ ನನಗೆ ವಯಸ್ಸಾಯಿತು. ಹೋದ ವರ್ಷ ನನ್ನ ಜಾಗಕ್ಕೆ ಹೊಸ ಡೇಟಾಬೇಸ್ ಬಂತು. ನನ್ನಲ್ಲಿದ್ದದ್ದನ್ನೆಲ್ಲ ಅದಕ್ಕೆ ದಾಟಿಸಿದ ಮೇಲೆ ದಸ್ತಗೀರ ಎಣಿಸಿದ. ಒಂದು ಕಾಮೆಂಟ್ ಕಡಿಮೆ ಬಿತ್ತು.

"ಹತ್ತೊಂಬತ್ತು ಸಾವಿರದಾಗ ಒಂದು, ಬಿಡ್ರಿ ಅಕ್ಕಾರ."

"ಆ ಒಂದು ಹುಡುಕು."

ಸಂಜೆಯವರೆಗೆ ಹುಡುಕಿ ತೆಗೆದ. ಹೆಸರಿಲ್ಲ, ನಂಬರಿಲ್ಲ, ಗುಂಪೂ ಇಲ್ಲ. ಹೆಸರಿನ ಜಾಗ ಖಾಲಿ ಇದ್ದುದರಿಂದಲೇ ಹೊಸದು ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಇದ್ದದ್ದು ಎರಡೇ ಪದ: "ನಾನೂ ಕೊಡ್ತೀನಿ."

ನೀಲಾಂಬಿಕಾ ಅದನ್ನು ಎರಡು ಸಲ ಓದಿದರು. ಹೆಸರಿನ ಜಾಗದಲ್ಲಿ ತಾವೇ "ಒಬ್ಬರು" ಎಂದು ಬರೆದು ದಾಟಿಸಿದರು.

ಅದು ನಾನು ಎತ್ತಿಕೊಟ್ಟ ಕೊನೆಯ ಸಾಲು. ಈಗ ಅವರ ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ ಸುಮ್ಮನೆ ಇದ್ದೇನೆ. ಯಾರೂ ಏನನ್ನೂ ಕೇಳುವುದಿಲ್ಲ. ಕೇಳಿದರೆ ಕೊಡಲು ನನ್ನೊಳಗೆ ಎಲ್ಲರೂ ಇದ್ದಾರೆ.